ಮದುಮಗನಿಂದ ಬರಬೇಕಿದ್ದ ಕೂಲಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದುಕೊಂಡು ಬೋರ್ಡು, ಗೋಡೆ ಬರೆಯುತ್ತಿದ್ದೆ. ಅಂಗಡಿ ಗಿಂಗಡಿ ಏನಿಲ್ಲ. ಸೈಕಲ್ಲಿನ ಹ್ಯಾಂಡಲಿಗೆ ಬಣ್ಣದ ಡಬ್ಬಿ, ಹಿಂದೆ ಬ್ರಶ್ಶಿನ ಚೀಲ. ನಮ್ಮ ಕಡೆ ಮದುವೆ ಮನೆಯೆಂದರೆ ಮುಂದಿನ ಗೋಡೆಗೆ ಸುಣ್ಣ ಹೊಡೆಸಿ ಮದುಮಕ್ಕಳ ಹೆಸರು ಬರೆಸಬೇಕು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಮಾತ್ರ ಪೇಂಟರ್ ಎಂಬ ಪ್ರಾಣಿ ಆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಮದುವೆಯ ಹಿಂದಿನ ದಿನವೇ ಹೋಗಿ ದುಡ್ಡು ಕೇಳುವುದು ನನ್ನ ರೂಢಿ.

ಒಮ್ಮೆ ತಾವರಗೇರಾದ ಸಂತೆಯಲ್ಲಿ ಒಬ್ಬ ನನ್ನನ್ನು ತಡೆದು ನಿಲ್ಲಿಸಿದ. ಎತ್ತರದ ಆಳು, ಚಿಗುರು ಮೀಸೆ, ಕೈಯಲ್ಲಿ ವಾಚು. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸವಂತೆ.

"ನಂದ ಮದುವಿ ಐತ್ರಿ. ದೊಡ್ಡ ಅಕ್ಷರ ಬೇಕು, ಎರಡೂ ಕಡೆ ಆನಿ ಬರೀರಿ. ರೊಕ್ಕ ನಾ ಕೊಡ್ತೀನಿ."

ಮದುಮಗನೇ ಹೇಳಿದ ಮೇಲೆ ಇನ್ನೇನು? ಪಕ್ಕದ ಹಳ್ಳಿಯ ಅವನ ಮನೆಗೆ ಹೋಗಿ ಬರೆದೆ. ಹುಡುಗಿಯ ಹೆಸರನ್ನು ಗುಲಾಬಿ ಬಣ್ಣದಲ್ಲೇ ಬರೆಸಿದ. ಮುಗಿಯುವ ತನಕ ಬೆನ್ನ ಹಿಂದೆಯೇ ನಿಂತಿದ್ದ.

ಬಣ್ಣ ಉದ್ರಿ ತಂದದ್ದು. ಹಳೇ ಬಾಕಿ ತೀರಿಸದೆ ಇನ್ನೊಂದು ಡಬ್ಬಿ ಕೊಡುವುದಿಲ್ಲ ಎಂದು ಕೊಪ್ಪಳದ ಬಣ್ಣದಂಗಡಿಯವನು ಕಡ್ಡಿ ಮುರಿದಂತೆ ಹೇಳಿದ್ದ. ಅದೇ ಹೊತ್ತಿಗೆ ಗಂಗಾವತಿಯಲ್ಲಿ ಟಾಕೀಸಿನ ಗೋಡೆ ಬರೆಯುವ ಕೆಲಸ ಸಿಕ್ಕಿತ್ತು. ಸೋಮವಾರ ಶುರು ಮಾಡದಿದ್ದರೆ ಅದು ಬೇರೆಯವರ ಪಾಲು. ಆ ಗೋಡೆಯಿಂದ ನನ್ನ ಮನೆ ಮಳೆಗಾಲದವರೆಗೆ ನಡೆಯುತ್ತಿತ್ತು.

ಮದುವೆಯ ಹಿಂದಿನ ದಿನ ಹೋದೆ. ಹೆಣ್ಣಿನ ಕಡೆಯವರು ಆಗಲೇ ಬಂದಿಳಿದಿದ್ದರು. ಹುಡುಗಿಯ ಸೋದರಮಾವ, ಕುಷ್ಟಗಿಯಲ್ಲಿ ಸರಕಾರಿ ಗುಮಾಸ್ತರು, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ಮದುಮಗನಿಗೆ ಅರಿಷಿಣ ಹಚ್ಚುತ್ತಿದ್ದರು. ನಾನು ಅವನ ತಂದೆಯ ಬಳಿ ದುಡ್ಡು ಕೇಳಿದೆ.

"ಬರೀರಿ ಅಂತ ನಾ ಹೇಳಿನೇನು?" ಎಂದ, ಕಟ್ಟೆಯ ಮೇಲಿದ್ದವರಿಗೆ ಕೇಳದಂತೆ ದನಿ ತಗ್ಗಿಸಿ.

"ನಿಮ್ಮ ಮಗಾ ಹೇಳ್ಯಾನ್ರಿ."

"ಅಂವಗ ಇನ್ನಾ ಹದಿನಾರು ತುಂಬಿಲ್ಲ. ಸಣ್ಣ ಹುಡುಗನ ಮಾತು ಕಟ್ಟಿಗೊಂಡು ಯಾರರ ಕೆಲಸ ಮಾಡ್ತಾರೇನ್ರಿ? ಯಾ ಕೋರ್ಟಿಗೆ ಹೋಗ್ತೀರಿ ಹೋಗ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಮದುವಿ ಆಗಾಕ ದೊಡ್ಡಾಂವ, ರೊಕ್ಕ ಕೊಡಾಕ ಸಣ್ಣಾಂವ ಏನ್ರಿ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ಅವನ ಮರ್ಯಾದೆ ತೆಗೆಯಬೇಕೆಂಬ ಹಟವಿತ್ತೇ ಹೊರತು ಮುಂದಿನದು ತಲೆಗೆ ಹೊಳೆದಿರಲಿಲ್ಲ.

ಸೋದರಮಾವ ಚಹಾದ ಬಸಿ ಕೆಳಗಿಟ್ಟರು. "ನಮಗ ಇಪ್ಪತ್ತೊಂದು ಅಂದಿದ್ರಿ ಬೀಗ್ರ. ಕಾಯ್ದೆ ಮೀರಿ ಮದುವಿ ಮಾಡಿಸಿದ್ರ ನನ್ನ ನೌಕರಿ ಉಳೀತದೇನು?"

"ರೊಕ್ಕ ಉಳಸಾಕ ಹಂಗಂದ್ನಿರಿ!" ತಂದೆ ಗಾಬರಿಯಾಗಿ ಕೈಮುಗಿದ.

ಸೋದರಮಾವ ಹುಡುಗನನ್ನೇ ಹೊರಗೆ ಕರೆಸಿ ವಯಸ್ಸು ಕೇಳಿದರು. ಮೈತುಂಬ ಅರಿಷಿಣ ಮೆತ್ತಿಕೊಂಡಿದ್ದ ಹುಡುಗ ತಂದೆಯ ಮುಖ ನೋಡಿದ, ಗೋಡೆಯ ಕಡೆ ನೋಡಿದ, ಇದ್ದದ್ದನ್ನೇ ಹೇಳಿದ. ಸ್ವಲ್ಪ ಹೊತ್ತಿನಲ್ಲೇ ಹೆಣ್ಣಿನ ಕಡೆಯವರು ಗಂಟುಮೂಟೆ ಕಟ್ಟತೊಡಗಿದರು. ಸೋದರಮಾವ ನನ್ನತ್ತ ತಿರುಗಿ, "ನಮ್ಮ ಹುಡುಗಿ ಹೆಸರು ಅಳಸಿ ಹೋಗ್ರಿ" ಎಂದರು.

ಸುಣ್ಣದ ಬಕೆಟ್ಟು ಅಲ್ಲೇ ಇತ್ತು. ಬಳಿದೆ. ಗುಲಾಬಿ ಬಣ್ಣ ಮತ್ತೆ ಮತ್ತೆ ಮೇಲೆ ಕಾಣುತ್ತಿತ್ತು. ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಳ್ಳುತ್ತ ಮತ್ತೆ ಬಳಿದೆ. ಇನ್ನು ದುಡ್ಡು ಕೇಳುವ ಮುಖ ನನಗಿರಲಿಲ್ಲ. ಗಂಗಾವತಿಯ ಗೋಡೆ ಹೋಯಿತು ಅಂದುಕೊಂಡು ಡಬ್ಬಿಗಳನ್ನು ಸೈಕಲ್ಲಿಗೆ ಕಟ್ಟುತ್ತಿದ್ದಾಗ ಹುಡುಗ ಹಿತ್ತಲಿನಿಂದ ಬಂದ. ಅತ್ತು ಕಣ್ಣು ಕೆಂಪಾಗಿದ್ದವು. ಮಡಚಿದ ನೋಟುಗಳನ್ನು ನನ್ನ ಕೈಗಿಟ್ಟ.

"ಬರದದ್ದಕ್ಕ ಇದು," ಎಂದ. "ಅಳಸಿದ್ದಕ್ಕ ಎಷ್ಟ್ರಿ?"