ಅತ್ತೆಗೆ ಓದಿ ಹೇಳಿದ ಸಿನಿಮಾಗಳು

ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಅತ್ತೆ ಧಾರಾವಾಹಿ ನೋಡುವುದನ್ನು ಬಿಟ್ಟರು. ಕೇಳಬಹುದಲ್ಲ ಎಂದರೆ, "ಏನ್ ಕೇಳೋದು, ಬರೀ ಮ್ಯೂಸಿಕ್ಕು. ಯಾರು ಯಾರನ್ನ ದುರುಗುಟ್ಕೊಂಡು ನೋಡ್ತಾವ್ರೋ ನಂಗೇನ್ ಗೊತ್ತಾಗುತ್ತೆ" ಎಂದರು.

ನಾವು ಇರುವುದು ತುಮಕೂರಿನ ಸದಾಶಿವನಗರದಲ್ಲಿ. ನಾನು ಗುಬ್ಬಿಯ ಕಾಲೇಜೊಂದರ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ. ಶಿಫ್ಟು ಬದಲಾದಂತೆ ಅವರ ನಿದ್ದೆಯೂ ಬದಲಾಗುತ್ತದೆ. ನನ್ನ ಪಾಲಿಗೆ ಉಳಿಯುವುದು ಭಾನುವಾರದ ಮಧ್ಯಾಹ್ನ ಮಾತ್ರ. ಪಾತ್ರೆ ತೊಳೆದು, ಬಟ್ಟೆ ಒಣಹಾಕಿ ಬಂದು, ಯಾವುದಾದರೂ ಹೊರದೇಶದ ಹಳೆಯ ಸಿನಿಮಾ ಹಾಕಿಕೊಂಡು ನಡುಮನೆಯಲ್ಲಿ ಕಾಲು ಚಾಚುತ್ತಿದ್ದೆ. ಹಾಸ್ಟೆಲಿನಲ್ಲಿದ್ದಾಗ ರೂಮಿನ ಗೆಳತಿ ಹತ್ತಿಸಿದ ಚಟ. ಅವುಗಳಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ. ಅಪ್ಪ, ಮಕ್ಕಳು, ಒಂದು ಊಟದ ಮೇಜು. ಯಾರೋ ಒಬ್ಬರು ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಬೇರೆಯವರ ಮನೆಯ ಜಗಳ ನೋಡುವುದರಲ್ಲಿ ಒಂದು ಬಗೆಯ ವಿಶ್ರಾಂತಿ ಇದೆ. ಅಲ್ಲಿ ಯಾರನ್ನೂ ನಾನು ಸಮಾಧಾನ ಮಾಡಬೇಕಿಲ್ಲ.

ಒಂದು ಭಾನುವಾರ ಅತ್ತೆ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಯಾವ ಭಾಷೆ ಇದು?"

"ಗೊತ್ತಿಲ್ಲ ಅತ್ತೆ. ಕೆಳಗಡೆ ಇಂಗ್ಲಿಷಲ್ಲಿ ಬರುತ್ತೆ, ಓದ್ಕೋತೀನಿ."

"ಜೋರಾಗಿ ಓದು. ಕನ್ನಡದಲ್ಲಿ ಹೇಳು."

ಅವತ್ತಿಗೆ ನನ್ನ ವಿಶ್ರಾಂತಿ ಮುಗಿಯಿತು. ಪ್ರತಿ ಸಾಲನ್ನೂ ನಾನು ಕನ್ನಡ ಮಾಡಿ ಹೇಳಬೇಕು. ಮಾತಿಲ್ಲದ ಕಡೆ ಇನ್ನೂ ಕಷ್ಟ. ಒಂದು ಸಿನಿಮಾದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿದ್ದರು. ಅಣ್ಣನ ಹೆಂಡತಿ ಇಬ್ಬರಿಗೂ ಬಡಿಸುತ್ತಾಳೆ. ಎಷ್ಟು ಹೊತ್ತಾದರೂ ಚಮಚದ ಸದ್ದು ಬಿಟ್ಟರೆ ಬೇರೇನಿಲ್ಲ.

"ಯಾಕೆ ಸುಮ್ನಾದೆ?" ಎಂದರು ಅತ್ತೆ.

"ಅವರೇ ಸುಮ್ನವ್ರೆ. ಊಟ ಮಾಡ್ತಾವ್ರೆ."

"ಹೆಂಗೆ ಮಾಡ್ತಾವ್ರೆ, ಅದನ್ನ ಹೇಳು."

ನಾನು ಹೇಳಿದೆ. ತಮ್ಮ ತಲೆ ಎತ್ತುತ್ತಿಲ್ಲ, ಅಣ್ಣ ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದಾನೆ, ಅವಳು ನಿಂತೇ ಇದ್ದಾಳೆ. "ಅವ್ಳು ಯಾವಾಗ ಉಣ್ತಾಳಂತೆ?" ಅತ್ತೆ ಎಂದು ಕೇಳಿದರು. ಸಿನಿಮಾ ಮುಗಿಯುವವರೆಗೂ ಅದಕ್ಕೆ ಉತ್ತರ ಸಿಗಲಿಲ್ಲ. ಇಷ್ಟು ವರ್ಷ ನೋಡಿದವಳು ನಾನು, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ನನ್ನ ಗಂಡನ ಅಕ್ಕ ಕುಣಿಗಲ್ಲಿನಲ್ಲಿದ್ದಾರೆ. ಮಾವ ತೀರಿಕೊಂಡ ದಿನ ಅವರು ಬಂದು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರ ಮನೆಯಲ್ಲೂ ಅವತ್ತು ಅವರ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಅದನ್ನು ಹೇಳಲು ಬಿಡದೆ, ನೆಂಟರೆಲ್ಲ ಇರುವಾಗಲೇ ನನ್ನ ಅತ್ತೆ, "ಇನ್ಯಾಕ್ ಬಂದೆ, ಯಾರನ್ನ ನೋಡಕ್ಕೆ" ಎಂದುಬಿಟ್ಟರು. ಅಂದಿನಿಂದ ಅಕ್ಕ ತಮ್ಮನಿಗೆ ಮಾತ್ರ ಫೋನ್ ಮಾಡುತ್ತಾರೆ. ತಾಯಿಯ ಕಣ್ಣಿನ ವಿಷಯವನ್ನೂ ತಮ್ಮನನ್ನೇ ಕೇಳುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸಿನಿಮಾ ನೋಡಿದೆವು. ತಂದೆಗೆ ಹುಷಾರಿಲ್ಲ ಎಂದು ಮಗಳು ದೂರದ ಊರಿನಿಂದ ಬರುತ್ತಾಳೆ; ಬರುವಷ್ಟರಲ್ಲಿ ತಂದೆಯ ಹಾಸಿಗೆ ಖಾಲಿಯಾಗಿದೆ. ಹಾಕಿದ ಮೇಲೆ ನನಗೆ ಭಯವಾಯಿತು, ಕಥೆ ಏನೆಂದು ಮೊದಲೇ ನೋಡಿಕೊಳ್ಳಬೇಕಿತ್ತು. ಬದಲಿಸಿ ಹೇಳಲೇ ಎಂದುಕೊಂಡೆ, ಆಗಲಿಲ್ಲ. ಇದ್ದದ್ದನ್ನೇ ಹೇಳಿದೆ.

ಅತ್ತೆ ಸೆರಗಿನ ತುದಿ ಸುತ್ತುತ್ತಾ, "ಪಾಪ, ಬಸ್ ಸಿಕ್ಕಿಲ್ವೇನೋ ಅವ್ಳಿಗೆ" ಎಂದರು.

ನಾನು ಸಿನಿಮಾ ನಿಲ್ಲಿಸಿದೆ.

"ಯಾಕಮ್ಮಾ?"

"ನೀರು ಕುಡಿದು ಬರ್ತೀನಿ ಅತ್ತೆ."

ಅಡುಗೆಮನೆಯಲ್ಲಿ ನಿಂತು ನೀರು ಕುಡಿದು ಬಂದು ಮುಂದಿನದನ್ನು ಓದಿದೆ.

ಆಮೇಲೆ ನಾನು ಅಕ್ಕನಿಗೆ ಫೋನ್ ಮಾಡಿದ್ದು ತಾಯಿ ಮಗಳನ್ನು ಒಂದು ಮಾಡೋಣ ಎಂದೇನಲ್ಲ. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಮನೆಗೆ ಬಂದರೆ ಅತ್ತೆಯ ಊಟ, ಸ್ನಾನ, ಕಣ್ಣಿಗೆ ಡ್ರಾಪ್ಸ್. ಸುಸ್ತಾಗಿತ್ತು, ಅಷ್ಟೇ.

"ಅಕ್ಕ, ನಂಗೆ ಸಾಕಾಗಿದೆ. ಒಂದು ಭಾನುವಾರ ಬಂದು ಅವ್ರ ಜೊತೆ ಕೂತ್ಕೊಳಿ. ನಾನು ಮಲಗ್ಬೇಕು."

ಆ ಕಡೆ ಮಿಕ್ಸಿಯ ಸದ್ದು ನಿಂತಿತು. "ಅವ್ವ ಏನಾದ್ರೂ ಅಂತು ಅಂದ್ರೆ?"

"ಅಂದ್ರೆ ಅನ್ನಿಸ್ಕೊಳಿ. ನಾನು ದಿನಾ ಅನ್ನಿಸ್ಕೋತೀನಿ."

ಅಕ್ಕ ಸಣ್ಣಗೆ ನಕ್ಕರು. ಮುಂದಿನ ಭಾನುವಾರ ಬಂದರು, ತೋಟದ ಎಳನೀರು ತಂದಿದ್ದರು. ಅತ್ತೆ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, "ಬಿಸಿಲಲ್ಲಿ ಬಂದ್ಯಾ, ಒಳಗ್ ಬಾ" ಎಂದರು. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಸಿನಿಮಾದಲ್ಲಾಗಿದ್ದರೆ ಯಾರಾದರೂ ಅಳುತ್ತಿದ್ದರೇನೋ.

ಊಟವಾದ ಮೇಲೆ ನಾನು ಟಿವಿ ಹಾಕಿಕೊಟ್ಟು, ರಿಮೋಟನ್ನು ಅಕ್ಕನ ಕೈಗಿತ್ತು ಒಳಗೆ ಹೋಗಿ ಬಿದ್ದುಕೊಂಡೆ. ನಿದ್ದೆ ಹತ್ತುವ ಮುಂಚೆ ಬಾಗಿಲ ಆಚೆಯಿಂದ ಅವರ ಮಾತು ಕೇಳುತ್ತಿತ್ತು. ಅಕ್ಕ ಪಿಯುಸಿಗೆ ಓದು ನಿಲ್ಲಿಸಿದವರು. ಒಂದು ಸಾಲು ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಇನ್ನೆರಡು ಬಂದುಹೋಗುತ್ತಿದ್ದವು.

"ಅಪ್ಪ ಮಗನಿಗೆ ಏನೋ ಬೈತಾವ್ನೆ ಕಣವ್ವ."

"ಏನಂತ ಬೈತಾನೆ?"

"ಹೊರ್ಟೋಯ್ತು. ದೊಡ್ಡದಾಗಿತ್ತು, ಓದಕ್ಕಾಗ್ಲಿಲ್ಲ."

"ಇರ್ಲಿ ಬುಡು. ಬೈಯೋದು ಎಲ್ಲಾ ಕಡೆ ಒಂದೇಯ. ಮಗ ಏನ್ ಮಾಡ್ತಾವ್ನೆ, ನೋಡು."

ಅಕ್ಕ ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಎದ್ದಾಗ ಸಂಜೆಯಾಗಿತ್ತು, ಮಾರನೆಯ ದಿನಕ್ಕೆ ಇಸ್ತ್ರಿ ಆಗಿರಲಿಲ್ಲ, ಅಕ್ಕ ಕೊನೆಯ ಬಸ್ಸಿಗೆ ಇನ್ನೂ ಹೊರಟಿರಲಿಲ್ಲ. ಸಿನಿಮಾ ಅರ್ಧಕ್ಕೇ ನಿಂತಿತ್ತು. ತಾಯಿ ಮಗಳು ಅವರೆಕಾಯಿ ಬಿಡಿಸುತ್ತಾ, ಆ ಮಗ ಮನೆ ಬಿಟ್ಟು ಹೋಗಿದ್ದು ಸರಿಯೋ ತಪ್ಪೋ ಎಂದು ವಾದ ಮಾಡುತ್ತಿದ್ದರು. ನಾನು ಟೀಗೆ ನೀರಿಟ್ಟೆ.