ಸೋಲಾರಿನ ನಡುವೆ ಸಂಡಿಗೆ

ನನ್ನ ಅಕ್ಷರ ಅಂಕುಡೊಂಕು, ಓದಿದ್ದೂ ಅಷ್ಟಕ್ಕಷ್ಟೆ. ಮೊದಲ ಬಾರಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಬೇಕು.

ಮಲ್ಲೇಶ್ವರದ ಹಳೆಯ ಶಾಪಿಂಗ್ ಕಾಂಪ್ಲೆಕ್ಸೊಂದರಲ್ಲಿ ನಾನು ಕಸ ಗುಡಿಸುತ್ತೇನೆ. ಹಿಂದೆ ನನ್ನ ಅತ್ತೆಗೂ ಅಲ್ಲೇ ಕೆಲಸವಿತ್ತು. ಪ್ರತಿ ಬೇಸಿಗೆಯಲ್ಲೂ ಅದರ ತಾರಸಿಯಲ್ಲಿ ಹಳೆಯ ಸೀರೆ ಹಾಸಿ ಇಬ್ಬರೂ ಸಂಡಿಗೆ ಇಡುತ್ತಿದ್ದೆವು. ಅವರು ತೀರಿಕೊಂಡ ಮೇಲೂ ನಾನು ಅವರ ಸೀರೆಯನ್ನೇ ಹಾಸುತ್ತೇನೆ.

ಈ ಬೇಸಿಗೆಗೆ ತಾರಸಿಯ ತುಂಬ ಸೋಲಾರ್ ಪ್ಯಾನೆಲ್‌ಗಳು ಬಂದವು. ಹಿಂಜರಿಯುತ್ತಲೇ ಎಂಜಿನಿಯರನ್ನು ಕೇಳಿದೆ: "ಸಾರ್, ನಮ್ಮ ಸಂಡಿಗೆಗೂ ಒಂಚೂರು ಬಿಸಿಲು ಬಿಡ್ತೀರಾ?"

ಅವರು ನಕ್ಕರು. "ಪ್ಯಾನೆಲ್ ತೊಳೆಯೋಕೆ ಮಧ್ಯೆ ದಾರಿ ಬಿಟ್ಟಿದೀವಲ್ಲಮ್ಮ, ಅಲ್ಲೇ ಇಟ್ಕೊಳ್ಳಿ."

ತೊಳೆಯಲು ಅವರು ಪೈಪು ಹಿಡಿದು ಬಂದ ದಿನ, ದಾರಿಯುದ್ದಕ್ಕೂ ಅತ್ತೆಯ ಸೀರೆ, ಅದರ ಮೇಲೆ ಸಂಡಿಗೆ.

"ನಾನೀಗ ಎಲ್ಲಿ ಕಾಲಿಡ್ಲಮ್ಮ?"

"ಇನ್ನೂ ಹಸಿ ಇದೆ ಸಾರ್. ನಾಳೆ ಬನ್ನಿ."

ಅತ್ತೆಯಾಗಿದ್ದರೆ ಕಾಗೆ ಓಡಿಸುವ ಕೋಲನ್ನೇ ಅವರಿಗೂ ತೋರಿಸುತ್ತಿದ್ದರು.

ಬರೆದದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ಮನ್ನಿಸಿ.