ಸೀತಾಲಕ್ಷ್ಮಿಯವರ ಕ್ಯಾಸೆಟ್

ಸೀತಾಲಕ್ಷ್ಮಿಯವರ ದನಿ ಈ ಲೋಕದಲ್ಲಿ ಉಳಿದಿದ್ದುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಮಾತು ನಿಂತಿತ್ತು. ಏನು ಹೇಳುವುದಿದ್ದರೂ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಪೀಣ್ಯದ ಆ ಮನೆಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಗಂಡ ದ್ವಾರಕಾನಾಥರು ಕ್ಯಾಸೆಟ್ ಹಾಕುತ್ತಿದ್ದರು. ಮೂವತ್ತೈದು ವರ್ಷದ ಹಿಂದಿನ ಸೀತಾಲಕ್ಷ್ಮಿ ಆರತಿ ಹಾಡು ಹೇಳುತ್ತಿದ್ದರು, ಈಗಿನ ಸೀತಾಲಕ್ಷ್ಮಿ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು.

ಟೇಪು ಸವೆಯುತ್ತಿತ್ತು. ಟೇಪು ಉಜ್ಜಿಕೊಂಡು ಓಡುವ ರೆಕಾರ್ಡರಿನ ಹೆಡ್ಡು ಒರೆಸಿದ ಹತ್ತಿಗೆ ಹತ್ತುವ ಕಂದು ಪುಡಿ ದಿನದಿನಕ್ಕೂ ಹೆಚ್ಚುತ್ತಿತ್ತು. ದ್ವಾರಕಾನಾಥರು ಆ ಹತ್ತಿಯನ್ನು ಹೆಂಡತಿಗೆ ಕಾಣದಂತೆ ಜೇಬಿಗೆ ಸೇರಿಸುತ್ತಿದ್ದರು.

ತಮ್ಮನ ಮಗ ವಾದಿರಾಜ ವೈಟ್‌ಫೀಲ್ಡಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟವನು. "ಒಂದ್ಸಲ ಕಂಪ್ಯೂಟರ್‌ಗೆ ಹಾಕ್ಬಿಡ್ತೀನಿ ದೊಡ್ಡಪ್ಪ. ಆಮೇಲೆ ಸಾವಿರ ಸಲ ಕೇಳಿ, ಸವೆಯಲ್ಲ."

"ಅದ್ರಲ್ಲಿ ಬರೋದು ದನಿ ಅಲ್ಲ ಕಣೋ. ಚೂರು ಚೂರು ಮಾಡಿ ಮತ್ತೆ ಅಂಟಿಸ್ತೀರಿ, ಅಷ್ಟೆ."

ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರ ಹಟ, ಕೇಳಬೇಕೆ! ಕೊನೆಗೆ ಸೀತಾಲಕ್ಷ್ಮಿಯವರೇ ಬರೆದರು: 'ದನಿ ನನ್ನದು. ಅವನಿಗೆ ಕೊಡಿ.' ಭಾನುವಾರ ಬರುವಂತೆ ವಾದಿರಾಜನಿಗೆ ಫೋನು ಹೋಯಿತು.

ಭಾನುವಾರ ಸುತ್ತಲಿನ ಕಾರ್ಖಾನೆ ಶೆಡ್ಡುಗಳೆಲ್ಲ ಬಾಗಿಲು ಹಾಕಿದ್ದವು. ಕೊಡುವುದಾದರೆ ನೆಟ್ಟಗೆ ಕೊಡಬೇಕೆಂದು ದ್ವಾರಕಾನಾಥರು ಬೆಳಿಗ್ಗೆಯೇ ರೆಕಾರ್ಡರ್ ಬಿಚ್ಚಿಕೊಂಡು ಕೂತರು. ಟೇಪು ಓಡಿ ಓಡಿ ಹೆಡ್ಡಿಗೆ ಅಯಸ್ಕಾಂತದ ಗುಣ ಬಂದು ಹಾಡು ಮಬ್ಬಾಗುತ್ತದೆ. ಆ ಗುಣ ತೆಗೆಯಲು ಅವರೇ ತಾಮ್ರದ ತಂತಿ ಸುತ್ತಿ ಮಾಡಿಕೊಂಡ ದಪ್ಪ ಕಾಯಿಲ್ ಇತ್ತು. ಕರೆಂಟು ಕೊಟ್ಟಾಗ ಪಕ್ಕದಲ್ಲಿ ಕ್ಯಾಸೆಟ್ ಇದ್ದರೆ ಅದು ಕ್ಯಾಸೆಟ್ಟಿನ ಹಾಡನ್ನೂ ಅಳಿಸಿಹಾಕುತ್ತದೆ. ದ್ವಾರಕಾನಾಥರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ನೆನಪಿಟ್ಟುಕೊಳ್ಳುವ ಕೆಲಸ ಅವರದಾಗಿರಲಿಲ್ಲ. ಕಾಯಿಲ್ ಗುಂಯ್ಗುಟ್ಟುವ ಮೊದಲೇ ಅಡುಗೆಮನೆಯಿಂದ "ರೀ, ಕ್ಯಾಸೆಟ್ ದೂರ ಇಟ್ರಾ?" ಎಂಬ ಕೂಗು ಬರುತ್ತಿತ್ತು, ಬಂದ ಮೇಲೆ ಇವರು ಎತ್ತಿಡುತ್ತಿದ್ದರು. ಹೆಂಡತಿಯ ಮಾತು ನಿಂತ ಮೇಲೆ ಕಾಯಿಲ್ ಹೊರಗೆ ತೆಗೆದದ್ದು ಇದೇ ಮೊದಲು.

ಸ್ವಿಚ್ ಹಾಕಿದರು. ಅಡುಗೆಮನೆಯಲ್ಲಿ ಲೋಟ ಬಡಿದ ಸದ್ದು ಕೇಳಿತು.

"ಕಾಫಿ ಆಮೇಲೆ ಕುಡೀತೀನಿ ಕಣೆ!"

ಸದ್ದು ಜೋರಾಯಿತು. ಇವರು ತಲೆ ಎತ್ತಲಿಲ್ಲ. ಮಂಡಿನೋವಿನ ಕಾಲೆಳೆಯುತ್ತಾ ಸೀತಾಲಕ್ಷ್ಮಿ ಬಾಗಿಲಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವರ ಕೈ ತೋರಿಸಿದ ಕಡೆ ದ್ವಾರಕಾನಾಥರು ನೋಡಿದರು. ಕ್ಯಾಸೆಟ್ ಕಾಯಿಲ್ಲಿಗೆ ಒರಗಿಕೊಂಡೇ ಇತ್ತು.

ಹಾಕಿ ನೋಡುವ ಧೈರ್ಯ ಅವರಿಗಾಗಲಿಲ್ಲ. ಹತ್ತು ಗಂಟೆಗೆ ವಾದಿರಾಜ ಬಂದು ಲ್ಯಾಪ್‌ಟಾಪ್ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಪ್ಲೇ ಒತ್ತಿದ. ಸ್ವಲ್ಪ ಹೊತ್ತು ಕೇಳಿ ತಲೆ ಎತ್ತಿದ.

"ಸಕ್ಕತ್ ಕ್ಲೀನಾಗಿದೆ ದೊಡ್ಡಪ್ಪ. ಹಾಡು ಎಲ್ಲಿಂದ ಶುರು?"

ದ್ವಾರಕಾನಾಥರು ಹೆಂಡತಿಯ ಮುಖ ನೋಡಲಾರದೆ ಕೂತಿದ್ದರು. ಸೀತಾಲಕ್ಷ್ಮಿ ಸ್ಲೇಟು ಒರೆಸಿ, ಬರೆದು, ಗಂಡನ ತೊಡೆಯ ಮೇಲಿಟ್ಟರು.

'ಕೂಗಿದೆನಲ್ಲ.'